ಸಂಘದ ಜನರೇಟರ್, ಹೊಲದ ಇಂಜಿನ್ನು: ಕ್ರ್ಯಾಂಕ್ ಶಾಫ್ಟ್ ಹೇಗೆ ತಿರುಗುತ್ತದೆ, ಹೇಗೆ ಬಾಳುತ್ತದೆ



ಕರುವಿನ ಗಿಣ್ಣು ಹಾಲು, ಕೆಚ್ಚಲು ಬಾವು, ಖನಿಜ ಮಿಶ್ರಣ ಇವುಗಳ ಬಗ್ಗೆ ಈ ಪುಟಗಳಲ್ಲಿ ಓದಿದವರಿಗೆ ಇಂಜಿನ್ನಿನ ಮಾತು ಸ್ವಲ್ಪ ಹೊಸದು ಅನಿಸಬಹುದು. ಆದರೆ ಬಿಎಂಸಿ ಇರುವ ಸಂಘದಲ್ಲಿ ಹಾಲಿನ ಟ್ಯಾಂಕಿಗೂ ಪಕ್ಕದ ಕೋಣೆಯ ಜನರೇಟರಿಗೂ ಇರುವ ನಂಟು ನಿಮಗೆಲ್ಲ ಗೊತ್ತು. ಕೆಚ್ಚಲಿನಿಂದ ಬಂದ ಹಾಲು 37-38 ಡಿಗ್ರಿ ಬಿಸಿ ಇರುತ್ತದೆ. ಅದನ್ನು ಸುಮಾರು ಮೂರು ಗಂಟೆಯೊಳಗೆ 4 ಡಿಗ್ರಿಗೆ ಇಳಿಸಬೇಕು. ಆಗಲೇ ತಣ್ಣಗಾದ ಹಾಲಾದರೆ ಟ್ಯಾಂಕಿನ ದಪ್ಪ ಗೋಡೆ ಕೆಲವು ತಾಸು ಕಾಯುತ್ತದೆ. ಕಷ್ಟ ಬರುವುದು ಸಂಜೆಯ ಬಿಸಿ ಹಾಲು ಈಗಷ್ಟೇ ಸುರಿದು ಮುಗಿದಾಗ ಕರೆಂಟು ಹೋದರೆ. ಬೇಸಿಗೆಯ ನಮ್ಮ ಸೆಕೆಯಲ್ಲಿ ಬಿಸಿ ಹಾಲಿನೊಳಗಿನ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತವೆ. ಟ್ಯಾಂಕಿನಲ್ಲಿ 1,000 ಲೀಟರ್ ಇದೆ, ಲೀಟರಿಗೆ 35 ರೂಪಾಯಿ ಎಂದು ಹಿಡಿಯಿರಿ. ಒಂದು ರಾತ್ರಿಯಲ್ಲಿ 35,000 ರೂಪಾಯಿ ಹುಳಿಯಾಗಿ ಹೋಯಿತು. ಅದು ನೂರು ಮನೆಯ ಬೆಳಗಿನ ಚಾಕರಿ.

ಮಹಿಳಾ ಸಂಘಗಳಲ್ಲಿ ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿ ಎಲ್ಲರೂ ಹೆಣ್ಣುಮಕ್ಕಳೇ. ಜನರೇಟರ್ ರಿಪೇರಿಯ ಬಿಲ್ಲಿಗೆ ಸಹಿ ಹಾಕುವವರೂ ಅವರೇ. ಆದರೂ ಜನರೇಟರ್ ಕೋಣೆಯ ಬಾಗಿಲಿನ ತನಕ ಬಂದು "ಅದು ಗಂಡಸರ ಕೆಲಸ" ಎಂದು ನಿಂತುಬಿಡುತ್ತೇವೆ. ಮೆಕ್ಯಾನಿಕ್ ಹೊರಗೆ ಬಂದು "ಕ್ರ್ಯಾಂಕ್ ಹೋಗೇದ್ರೀ" ಅಂದರೆ ಏನು ಹೋಯಿತು, ಯಾಕೆ ಹೋಯಿತು ಎಂದು ಕೇಳಲು ಮಾತು ಸಿಗುವುದಿಲ್ಲ. ಆ ಮಾತು ಸಿಗಲಿ ಎಂದು ಈ ಪಾಠ. ಹೊಲದಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನಿಗೂ, ಕಣಿಕೆ ಕತ್ತರಿಸಲು ಬೆಲ್ಟು ಹಾಕಿದ ಇಂಜಿನ್ನಿಗೂ, ಟ್ರ್ಯಾಕ್ಟರಿಗೂ, ಹಾಲಿನ ಕ್ಯಾನು ಹೊರುವ ಗೂಡ್ಸ್ ಆಟೋಕ್ಕೂ ಇದೇ ಪಾಠ ಸಾಕು.

ಬೀಸುವ ಕಲ್ಲಿನಲ್ಲಿ ಇರುವುದೇ ಇಂಜಿನ್ನಿನಲ್ಲಿ

ಬೀಸುವ ಕಲ್ಲಿನ ಗೂಟ ಎಲ್ಲಿರುತ್ತದೆ? ನಡುವೆ ಅಲ್ಲ, ಅಂಚಿನಲ್ಲಿ. ನಡುವಿನ ಕೀಲಿನ ಮೇಲೆಯೇ ಗೂಟ ಇದ್ದಿದ್ದರೆ ಎಷ್ಟು ನೂಕಿದರೂ ಕಲ್ಲು ತಿರುಗುತ್ತಿರಲಿಲ್ಲ. ನಡುವಿನಿಂದ ದೂರ ಇರುವುದರಿಂದ ನಿಮ್ಮ ತೋಳು ಹಿಂದೆ ಮುಂದೆ ಆಡಿದ್ದು ಕಲ್ಲಿನಲ್ಲಿ ಸುತ್ತಾಗುತ್ತದೆ. ಹೀಗೆ ನಡುವಿನಿಂದ ಸರಿದು ನಿಂತ ಹಿಡಿಕೆಯನ್ನೇ ಕ್ರ್ಯಾಂಕ್ ಎನ್ನುವುದು. ಕೈಯಿಂದ ತಿರುವುವ ಮೇವು ಕತ್ತರಿಸುವ ಯಂತ್ರದ ದೊಡ್ಡ ಗಾಲಿಯ ಹಿಡಿಕೆಯೂ ಕ್ರ್ಯಾಂಕೇ.

ಇನ್ನೂ ಹತ್ತಿರದ ಉದಾಹರಣೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ತುಳಿಹಲಗೆ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಕೂಡಿಸಿದ ಸಣ್ಣ ಸರಳು ಪಕ್ಕದ ದೊಡ್ಡ ಗಾಲಿಯ ನಡುವಿನಿಂದ ಸರಿದ ಜಾಗಕ್ಕೆ ಸಿಕ್ಕಿಕೊಂಡಿದೆ. ಮೇಲೆ ಕೆಳಗಿನ ಆಟ ಗಾಲಿಯಲ್ಲಿ ಸುತ್ತಾಗುತ್ತದೆ. ತುಳಿಹಲಗೆಯ ಜಾಗದಲ್ಲಿ ಪಿಸ್ಟನ್ ಇಡಿ. ಸರಳಿನ ಜಾಗದಲ್ಲಿ ಕನೆಕ್ಟಿಂಗ್ ರಾಡ್ ಇಡಿ. ನಡುವಿನಿಂದ ಸರಿದ ಆ ಜಾಗವನ್ನೂ ಅದರ ಅಚ್ಚನ್ನೂ ಒಂದೇ ಗಟ್ಟಿ ಉಕ್ಕಿನಲ್ಲಿ ಮಾಡಿದರೆ ಅದು ಕ್ರ್ಯಾಂಕ್ ಶಾಫ್ಟ್. ದೊಡ್ಡ ಗಾಲಿ ಫ್ಲೈವೀಲ್.

ಹೊಲಿಗೆ ಯಂತ್ರ ತುಳಿದವರಿಗೆ ಮತ್ತೊಂದು ಸಂಗತಿ ಗೊತ್ತಿರುತ್ತದೆ. ಒಮ್ಮೊಮ್ಮೆ ಸರಳು ತೀರ ಮೇಲೆ ಅಥವಾ ತೀರ ಕೆಳಗೆ ಬಂದು ನಿಂತಾಗ ಎಷ್ಟು ತುಳಿದರೂ ಗಾಲಿ ಅಲುಗುವುದಿಲ್ಲ. ಕೈಯಿಂದ ಸ್ವಲ್ಪ ತಿರುವಿಕೊಟ್ಟರೆ ಮುಂದೆ ಓಡುತ್ತದೆ. ಇಂಜಿನ್ನಿನಲ್ಲೂ ಈ ಎರಡು ಜಾಗಗಳಿವೆ. ಅಲ್ಲಿಂದ ದಾಟಿಸುವುದು ಫ್ಲೈವೀಲಿನ ಭಾರ. ಸಣ್ಣ ಒಂದು ಸಿಲಿಂಡರಿನ ಇಂಜಿನ್ನಿಗೂ ಅಷ್ಟು ದೊಡ್ಡ ಗಾಲಿ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ನಮ್ಮ ಜಿಲ್ಲೆಯಲ್ಲಿ ಇದರ ತಿರುವುಮುರುವು ಕೆಲಸವನ್ನೂ ನೋಡಬಹುದು. ಇಳಕಲ್, ರಬಕವಿ, ಬನಹಟ್ಟಿ ಕಡೆಯ ಪವರ್‌ಲೂಮಿನಲ್ಲಿ ಮೋಟಾರು ಸುತ್ತುತ್ತದೆ. ಆ ಸುತ್ತನ್ನು ಒಂದು ಕ್ರ್ಯಾಂಕ್ ಶಾಫ್ಟ್ ಹಿಡಿದು, ಹಣಿಗೆ ಕೂಡಿಸಿದ ಚೌಕಟ್ಟನ್ನು ಹಿಂದೆ ಮುಂದೆ ಆಡಿಸುತ್ತದೆ. ಲಾಳಿ ಒಂದು ಸಲ ಹಾಯ್ದಾಗ ಕ್ರ್ಯಾಂಕ್ ಒಂದು ಸುತ್ತು. ಇಂಜಿನ್ನಿನಲ್ಲಿ ಆಟ ಸುತ್ತಾಗುತ್ತದೆ, ಮಗ್ಗದಲ್ಲಿ ಸುತ್ತು ಆಟವಾಗುತ್ತದೆ. ನೇಕಾರರ ಮನೆಯಿಂದ ಬಂದ ಸೊಸೆಯಂದಿರು ಈ ಲೇಖನದ ಅರ್ಧ ಪಾಠವನ್ನು ತವರಿನಲ್ಲೇ ಕಲಿತು ಬಂದಿರುತ್ತಾರೆ.

ಇದು ಹೊಸ ಉಪಾಯವೇನಲ್ಲ. ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ಉಗಿಯಂತ್ರದಿಂದ ಗಾಲಿ ತಿರುಗಿಸಲು ಹೊರಟಾಗ, ಜೇಮ್ಸ್ ಪಿಕಾರ್ಡ್ ಎಂಬಾತ 1780ರಲ್ಲಿಯೇ ಉಗಿಯಂತ್ರದಲ್ಲಿ ಕ್ರ್ಯಾಂಕ್ ಬಳಸುವುದಕ್ಕೆ ಪೇಟೆಂಟ್ ಪಡೆದುಬಿಟ್ಟಿದ್ದ. ಬೀಸುವ ಕಲ್ಲಿನ ಗೂಟದಷ್ಟು ಹಳೆಯ ಸಂಗತಿಗೆ ಹಕ್ಕುಪತ್ರ! ವಾಟ್ ಬೇರೆ ದಾರಿ ಇಲ್ಲದೆ 1781ರಲ್ಲಿ ಹಲ್ಲುಗಾಲಿಗಳ ಸುತ್ತುಬಳಸಿನ ಏರ್ಪಾಡು ಮಾಡಿಕೊಳ್ಳಬೇಕಾಯಿತು. ನಮ್ಮ ನಾಡಿನ ಕಥೆ ಇನ್ನೂ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮುಂದೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ತಯಾರಿಸಿದರು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಡೀಸೆಲ್ ಇಂಜಿನ್ನಿನ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ನಮ್ಮ ಭಾಗದ ಬಾವಿ ದಂಡೆಗಳಿಗೆ ಇಂಜಿನ್ನು ಕಳಿಸಿದ ಮನೆತನ ಮೊದಮೊದಲು ಮಾಡಿದ್ದು ಎತ್ತು ಎಮ್ಮೆಗಳ ಮೇವಿನ ಯಂತ್ರ ಎಂಬುದು ಹೈನುಗಾರರಿಗೆ ಸಂತೋಷದ ವಿಷಯವಲ್ಲವೇ.

ಒಳಗೆ ಎಷ್ಟು ಭಾರ ಬೀಳುತ್ತದೆ

ಹೊಲದಲ್ಲಿ ಸಾಮಾನ್ಯವಾಗಿ ಕಾಣುವ 7 ಎಚ್‌ಪಿ ಡೀಸೆಲ್ ಇಂಜಿನ್ನನ್ನೇ ತೆಗೆದುಕೊಳ್ಳಿ. ಅಂಥ ಒಂದು ಇಂಜಿನ್ನಿನ ಸಿಲಿಂಡರ್ 87.5 ಮಿಲಿಮೀಟರ್ ಅಗಲ, ಪಿಸ್ಟನ್ ಮೇಲೆ ಕೆಳಗೆ ಆಡುವ ದೂರ 110 ಮಿಲಿಮೀಟರ್. ಅಂದರೆ ಕ್ರ್ಯಾಂಕಿನ ಹಿಡಿಕೆ ನಡುವಿನಿಂದ ಸರಿದಿರುವುದು ಅದರ ಅರ್ಧ, 55 ಮಿಲಿಮೀಟರ್. ಪಿಸ್ಟನ್ ನಾಲ್ಕು ಸಲ ಓಡಾಡುತ್ತದೆ: ಗಾಳಿ ಎಳೆದುಕೊಳ್ಳುತ್ತದೆ, ಅದನ್ನು ಹಿಂಡುತ್ತದೆ, ಡೀಸೆಲ್ ಹೊತ್ತಿಕೊಂಡು ಕೆಳಕ್ಕೆ ದಬ್ಬುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಈ ನಾಲ್ಕಕ್ಕೆ ಕ್ರ್ಯಾಂಕ್ ಎರಡು ಸುತ್ತು. ಎರಡು ಸುತ್ತಿಗೆ ಒಂದೇ ಸಲ ಬಲ, ಉಳಿದದ್ದೆಲ್ಲ ಫ್ಲೈವೀಲಿನ ಓಟದ ಮೇಲೆ.

ಹೊತ್ತಿಕೊಂಡ ಆ ಕ್ಷಣದಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಒತ್ತಡ ಮೂರು ಟನ್ನಿಗೂ ಹೆಚ್ಚು. ಐದುನೂರು ಕಿಲೋ ತೂಗುವ ಆರು ಮುರ್ರಾ ಎಮ್ಮೆಗಳು ಅಂಗೈ ಅಗಲದ ಜಾಗದಲ್ಲಿ ಒಮ್ಮೆಲೇ ಕಾಲಿಟ್ಟ ಹಾಗೆ. ಜನರೇಟರ್ ನಿಮಿಷಕ್ಕೆ 1,500 ಸುತ್ತು ಓಡುತ್ತದೆ, ಕರೆಂಟಿನ ಲೆಕ್ಕ ಸರಿಯಾಗಿರಲು ಆ ವೇಗ ಬೇಕೇ ಬೇಕು. ಹಾಗಾದರೆ ಒಂದು ಗಂಟೆಯಲ್ಲಿ ಆ ಹೊಡೆತ 45,000 ಸಲ. ಪ್ರತಿಯೊಂದೂ ಕನೆಕ್ಟಿಂಗ್ ರಾಡಿನಿಂದ ಇಳಿದು ಕ್ರ್ಯಾಂಕಿನ ಹಿಡಿಕೆಯ ಮೇಲೆ ಬೀಳುತ್ತದೆ, ಅಲ್ಲಿಂದ ಎರಡೂ ತುದಿಯ ಮೇನ್ ಬೇರಿಂಗುಗಳ ಮೇಲೆ.

ಇಷ್ಟು ಭಾರ ತಾಳಿಕೊಂಡು ಕ್ರ್ಯಾಂಕ್ ವರ್ಷಗಟ್ಟಲೆ ಬಾಳುತ್ತದೆ ಎಂದರೆ ಅದಕ್ಕೆ ಉಕ್ಕಿನ ಗಟ್ಟಿತನವೊಂದೇ ಕಾರಣವಲ್ಲ. ಸರಿಯಾಗಿ ಓಡುತ್ತಿರುವ ಇಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ತಾಗುವುದೇ ಇಲ್ಲ. ಎರಡರ ನಡುವಿನ ಸಂದು ನಿಮ್ಮ ಒಂದು ತಲೆಗೂದಲಿನಷ್ಟು. ಆ ಸಂದಿನೊಳಗೆ ಆಯಿಲ್ ತುಂಬಿರುತ್ತದೆ. ಮಲಪ್ರಭೆಯ ದಂಡೆಯಲ್ಲಿ ಹಾವಸೆ ಹಿಡಿದ ಬಂಡೆಯ ಮೇಲೆ ಕಾಲಿಟ್ಟವರಿಗೆ ಗೊತ್ತು, ತೆಳುವಾದ ಜಾರಿಕೆಯ ಪದರ ಇಡೀ ಮೈಭಾರವನ್ನು ಹೊತ್ತು ಸರ್ರನೆ ಸರಿಸಿಬಿಡುತ್ತದೆ. ಕ್ರ್ಯಾಂಕ್ ಜೋರಾಗಿ ತಿರುಗುತ್ತ ಆಯಿಲನ್ನು ತನ್ನ ಕೆಳಗೆ ಎಳೆದುಕೊಂಡು ಅದರ ಮೇಲೆಯೇ ತೇಲುತ್ತದೆ. ಭಾರ ಹೆಚ್ಚಿದ ಕಡೆ ಆ ಪದರ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ತೆಳುವಾಗುತ್ತದೆ.

ಇನ್ನುಳಿದ ಆರೈಕೆಯ ಮಾತೆಲ್ಲ ಈ ಒಂದು ಪದರದ ಸುತ್ತಲೇ ಇದೆ. ಆಯಿಲ್ ಕಡಿಮೆಯಾದರೆ ಪದರ ಹರಿಯುತ್ತದೆ, ನೀರೋ ಡೀಸೆಲ್ಲೋ ಬೆರೆತರೆ ತೆಳುವಾಗಿ ಹರಿಯುತ್ತದೆ, ಧೂಳು ಬಿದ್ದರೆ ಧೂಳಿನ ಕಣ ಪದರಕ್ಕಿಂತ ದಪ್ಪವಾಗಿ ಉಕ್ಕನ್ನು ಕೆರೆಯುತ್ತದೆ. ಇಂಜಿನ್ನು ನಿಂತಾಗ ಪದರ ಇರುವುದಿಲ್ಲ, ಕ್ರ್ಯಾಂಕ್ ಬೇರಿಂಗಿನ ಮೇಲೆ ಕೂತಿರುತ್ತದೆ. ಆದ್ದರಿಂದಲೇ ಸವೆತ ಹೆಚ್ಚಾಗುವುದು ಶುರುಮಾಡುವ ಮೊದಲ ಕ್ಷಣಗಳಲ್ಲಿ. ಜನರೇಟರ್ ಹೊತ್ತಿದ ಕೂಡಲೇ ಬಿಎಂಸಿಯ ಕಂಪ್ರೆಸರ್ ಹಾಕಬೇಡಿ ಎಂದು ಹೇಳುವುದು ಇದಕ್ಕೇ. ಒಂದೆರಡು ನಿಮಿಷ ಖಾಲಿ ಓಡಲಿ, ಆಯಿಲ್ ಎಲ್ಲ ಸಂದಿಗೂ ಮುಟ್ಟಲಿ, ಆಮೇಲೆ ಭಾರ ಕೊಡಿ. ನಿಲ್ಲಿಸುವಾಗಲೂ ಮೊದಲು ಭಾರ ತೆಗೆದು ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ.

ಆಯಿಲ್: ಹಾಲು ನೋಡುವ ಕಣ್ಣಿನಿಂದಲೇ ನೋಡಿ

ಹಾಲಿನ ಬಣ್ಣ, ವಾಸನೆ, ಬೆರಳಿಗೆ ಹತ್ತುವ ಜಿಡ್ಡು ನೋಡಿ ಗುಣ ಹೇಳುವ ಕಣ್ಣು ನಿಮಗಿದೆ. ಅದೇ ಕಣ್ಣು ಆಯಿಲಿಗೂ ಸಾಕು.

ಇಂಜಿನ್ನು ನಿಂತು ಹತ್ತು ನಿಮಿಷವಾದ ಮೇಲೆ, ಸಮನಾದ ನೆಲದಲ್ಲಿ, ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆಯಿರಿ. ಆಯಿಲ್ ಎರಡು ಗುರುತಿನ ನಡುವೆ, ಮೇಲಿನ ಗುರುತಿನ ಹತ್ತಿರ ಇರಬೇಕು. ಮೇಲಿನ ಗುರುತು ದಾಟಿ ತುಂಬಿಸುವುದೂ ತಪ್ಪು. ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಎಬ್ಬಿಸುತ್ತದೆ, ನೊರೆ ಭಾರ ಹೊರುವುದಿಲ್ಲ. ಮೊಸರು ಕಡೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ. ಕಪ್ಪಾಯಿತೆಂದು ಹೆದರಬೇಡಿ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹೆದರಬೇಕಾದದ್ದು ಬೇರೆ ಇದೆ. ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿದ್ದರೆ ನೀರು ಸೇರಿದೆ, ಇಂಜಿನ್ನು ಹೊತ್ತಿಸಲೇಬಾರದು. ಆಯಿಲ್ ಹಾಕದೆಯೇ ಮಟ್ಟ ಏರುತ್ತಿದ್ದರೆ, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ, ಎಲ್ಲೋ ಡೀಸೆಲ್ ಸೋರಿ ಆಯಿಲಿಗೆ ಸೇರುತ್ತಿದೆ. ಮಟ್ಟ ಚೆನ್ನಾಗಿದೆ ಎಂದು ಸಮಾಧಾನಪಡುವವರು ಇಲ್ಲಿಯೇ ಮೋಸಹೋಗುವುದು. ಹಳೆಯ ಆಯಿಲನ್ನು ಬಿಸಿಲಿಗೆ ಹಿಡಿದಾಗ ಜರಿಯ ಪುಡಿಯಂತೆ ಮಿನುಗಿದರೆ ಬೇರಿಂಗು ಸವೆದು ಆಯಿಲಿಗೆ ಬರುತ್ತಿದೆ ಎಂದು ತಿಳಿಯಿರಿ.

ಎಷ್ಟು ಗಂಟೆಗೊಮ್ಮೆ ಬದಲಿಸಬೇಕು, ಯಾವ ಗ್ರೇಡು ಎಂಬುದು ಇಂಜಿನ್ನಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಹಲವು ಜನರೇಟರುಗಳಿಗೆ 250 ಗಂಟೆ ಓಟಕ್ಕೆ ಒಮ್ಮೆ ಎಂದಿರುತ್ತದೆ, ಸಣ್ಣ ಹೊಲದ ಇಂಜಿನ್ನುಗಳಿಗೆ ಅದಕ್ಕಿಂತ ಬೇಗ. ಹೊಸ ಇಂಜಿನ್ನಿಗೂ, ಕ್ರ್ಯಾಂಕ್ ಕೆಲಸ ಆದ ಇಂಜಿನ್ನಿಗೂ ಮೊದಲ ಬದಲಾವಣೆ ಇನ್ನೂ ಬೇಗ ಆಗಬೇಕು, ಉಜ್ಜಿ ಬಿದ್ದ ಹೊಸ ಪುಡಿ ಹೊರಹೋಗಲಿ ಎಂದು. ಆಯಿಲ್ ಜೊತೆ ಫಿಲ್ಟರನ್ನೂ ಬದಲಿಸಿ. ಫಿಲ್ಟರಿನ ದುಡ್ಡು ಉಳಿಸಿ ಹೊಸ ಆಯಿಲ್ ಹಾಕುವುದು ತೊಳೆಯದ ಕ್ಯಾನಿಗೆ ಹೊಸ ಹಾಲು ಹಾಕಿದ ಹಾಗೆ. ಚಿಲ್ಲರೆ ಡಬ್ಬಿಯ ಹೆಸರಿಲ್ಲದ ಆಯಿಲ್ ಬೇಡ, ಮೊಹರು ಒಡೆಯದ ಡಬ್ಬಿಯನ್ನು ಸಂಘದ ಕಣ್ಣೆದುರೇ ಒಡೆಯಬೇಕು.

ಕೆಲವು ಸಣ್ಣ ಇಂಜಿನ್ನುಗಳಲ್ಲಿ ಕನೆಕ್ಟಿಂಗ್ ರಾಡಿನ ಕೆಳಗಿನ ಚಮಚದಂಥ ಭಾಗ ಆಯಿಲನ್ನು ಎರಚುತ್ತದೆ. ಜನರೇಟರುಗಳಲ್ಲಿ ಪಂಪು ಒತ್ತಡದಿಂದ ಕ್ರ್ಯಾಂಕಿನೊಳಗೆ ಕೊರೆದ ತೂತುಗಳ ಮೂಲಕ ಕಳಿಸುತ್ತದೆ. ಈ ಒತ್ತಡ ಇಳಿದರೆ ಇಂಜಿನ್ನನ್ನು ತಾನಾಗಿ ನಿಲ್ಲಿಸುವ ಒಂದು ಸ್ವಿಚ್ಚು ಇರುತ್ತದೆ. "ಪದೇ ಪದೇ ಬಂದ್ ಆಗತೈತಿ" ಎಂದು ಆ ವೈರನ್ನೇ ಕಿತ್ತು ಕೂಡಿಸಿಬಿಡುವ ಕೆಟ್ಟ ರೂಢಿ ಇದೆ. ಅದು ನಾಯಿ ಬೊಗಳುತ್ತದೆ ಎಂದು ನಾಯಿಯ ಬಾಯಿ ಕಟ್ಟಿದ ಹಾಗೆ. ನಿಮ್ಮ ಸಂಘದಲ್ಲಿ ಹಾಗೆ ಮಾಡಿದ್ದರೆ ಈ ವಾರವೇ ಸರಿ ಮಾಡಿಸಿ. ಬೇರೆಲ್ಲ ಮಾತು ಮರೆತರೂ ಚಿಂತೆಯಿಲ್ಲ.

ನಮ್ಮ ಊರುಗಳ ಧೂಳು

ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳ ಧೂಳು, ಬಾದಾಮಿಯ ಮರಳುಗಲ್ಲಿನ ಪುಡಿ, ಹುನಗುಂದದ ಎರೆಹೊಲದಿಂದ ಬೇಸಿಗೆಯಲ್ಲಿ ಏಳುವ ಮಣ್ಣು, ಇದರ ಜೊತೆಗೆ ಕಣಿಕೆ ಕತ್ತರಿಸುವಾಗ ಹಾರುವ ಹೊಟ್ಟು. ಗ್ರಾನೈಟಿನಲ್ಲೂ ಮರಳುಗಲ್ಲಿನಲ್ಲೂ ಇರುವ ಹರಳು ಕಣಗಳು ಬೇರಿಂಗಿನ ಮೆತ್ತನೆಯ ಲೋಹಕ್ಕಿಂತ ಬಹಳ ಗಟ್ಟಿ. ಗಾಳಿಯ ಜೊತೆ ಸಿಲಿಂಡರಿಗೆ ಹೋಗಿ, ಪಿಸ್ಟನ್ ಪಕ್ಕದಿಂದ ಇಳಿದು, ಆಯಿಲಿಗೆ ಸೇರಿ, ಕಡೆಗೆ ಕ್ರ್ಯಾಂಕಿಗೆ ಬರುತ್ತವೆ. ಅಲ್ಲಿ ಅವು ಸಾಣೆಕಲ್ಲಿನ ಕೆಲಸ ಮಾಡುತ್ತವೆ.

ಆದ್ದರಿಂದ ಏರ್ ಕ್ಲೀನರ್ ಬಗ್ಗೆ ನಮ್ಮ ಭಾಗದವರು ಕೈಪಿಡಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಕೆಳಗೆ ಆಯಿಲ್ ಬಟ್ಟಲು ಇರುವ ಕ್ಲೀನರ್ ಆದರೆ, ಕಣಿಕೆ ಕತ್ತರಿಸುವ ದಿನಗಳಲ್ಲಿ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಕೆಸರು ನಿಂತಿದ್ದರೆ ತೊಳೆದು ಹೊಸ ಆಯಿಲನ್ನು ಗುರುತಿನ ತನಕ ಹಾಕಿ. ಕಾಗದದ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು, ಹರಿದಿದ್ದರೆ ಹೊಸದೇ ಬೇಕು, ನೀರಿನಲ್ಲಿ ತೊಳೆಯಬಾರದು. ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಕ್ಲೀನರ್ ಇದ್ದೂ ಇಲ್ಲದಂತೆ. ಮೇವಿನ ಯಂತ್ರವನ್ನು ಗಾಳಿ ಬೀಸುವ ದಿಕ್ಕು ನೋಡಿ ಇಟ್ಟುಕೊಂಡರೆ ಅರ್ಧ ಹೊಟ್ಟು ಇಂಜಿನ್ನಿನ ಕಡೆ ಬರುವುದೇ ಇಲ್ಲ. ಇದಕ್ಕೆ ಖರ್ಚೂ ಇಲ್ಲ. ಕಣದಲ್ಲಿ ಜೋಳ ತೂರುವವರು ಗಾಳಿಗೆ ಎದುರಾಗಿ ನಿಲ್ಲುತ್ತಾರೆಯೇ?

ಬೆಲ್ಟಿನ ಬಗ್ಗೆಯೂ ಒಂದು ಮಾತು. ಬೆಲ್ಟು ಜಾರುತ್ತದೆ ಎಂದು ವೀಣೆಯ ತಂತಿಯಂತೆ ಬಿಗಿದರೆ ಅದು ಹಗಲೆಲ್ಲ ಕ್ರ್ಯಾಂಕಿನ ಒಂದು ತುದಿಯನ್ನು ಒಂದೇ ಕಡೆ ಎಳೆಯುತ್ತಿರುತ್ತದೆ. ಆ ಕಡೆಯ ಬೇರಿಂಗು ಒಂದೇ ಬದಿಗೆ ಸವೆಯುತ್ತದೆ, ಆಯಿಲ್ ಸೀಲು ಸೋರತೊಡಗುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಬಾಗುವಷ್ಟು ಸಡಿಲ ಇರಲಿ. ಎರಡೂ ಗಾಲಿ ಒಂದೇ ಸಾಲಿನಲ್ಲಿವೆಯೇ ಎಂದು ಒಂದು ದಾರ ಹಿಡಿದು ನೋಡಿ. ಇಂಜಿನ್ನಿನ ಬುಡದ ಬೋಲ್ಟು ಸಡಿಲವಾಗಿ ಅದು ಕುಣಿಯುತ್ತಿದ್ದರೂ ಪೆಟ್ಟು ಬೀಳುವುದು ಕ್ರ್ಯಾಂಕಿಗೇ.

ಕಿವಿ ಕೊಟ್ಟು ಕೇಳಿ

ದಿನವೂ ಅದೇ ಜನರೇಟರ್ ಕೇಳುವವರಿಗೆ ಸದ್ದು ಬದಲಾದದ್ದು ಮೆಕ್ಯಾನಿಕನಿಗಿಂತ ಮೊದಲು ತಿಳಿಯುತ್ತದೆ. ಭಾರ ಕೊಟ್ಟಾಗ ಬುಡದಿಂದ "ಧಬ್ ಧಬ್" ಎಂದು ಮಂದವಾದ ಬಡಿತ ಕೇಳಿದರೆ ಮೇನ್ ಬೇರಿಂಗು ಸಡಿಲವಾಗಿರಬಹುದು. ಅದಕ್ಕಿಂತ ಚುರುಕಾಗಿ "ಟಕ್ ಟಕ್" ಎಂದರೆ ಕನೆಕ್ಟಿಂಗ್ ರಾಡಿನ ಬೇರಿಂಗಿನ ಮೇಲೆ ಸಂಶಯ ಹೋಗಬೇಕು. ಆಯಿಲ್ ಒತ್ತಡದ ಮುಳ್ಳು ಬಿಸಿಯಾದಾಗ ಮೊದಲಿಗಿಂತ ಕೆಳಗೆ ನಿಲ್ಲುತ್ತಿದ್ದರೂ ಸಂದು ಹೆಚ್ಚಾಗಿದೆ ಎಂದು ಅರ್ಥ. ಫ್ಲೈವೀಲು ತಿರುಗುವಾಗ ತೂಗಾಡುತ್ತಿದ್ದರೆ, ನಿಂತಾಗ ಅದನ್ನು ಕೈಯಿಂದ ಒಳಗೆ ಹೊರಗೆ ನೂಕಿದರೆ ಕಣ್ಣಿಗೆ ಕಾಣುವಷ್ಟು ಸರಿದರೆ, ಇವೆಲ್ಲ ತಿಳಿಸಬೇಕಾದ ಸಂಗತಿ.

ಬಡಿತ ಕೇಳಿದ ಮೇಲೆ "ಇವತ್ತೊಂದು ದಿನ ನಡೀಲಿ" ಎಂದು ಓಡಿಸಿದರೆ, ಬೇರಿಂಗು ಬದಲಿಸಿ ಮುಗಿಯಬಹುದಾದ ಕೆಲಸ ಕ್ರ್ಯಾಂಕ್ ಮುರಿಯುವ ತನಕ ಹೋಗುತ್ತದೆ. ಮುರಿದ ಕ್ರ್ಯಾಂಕಿನೊಂದಿಗೆ ಬ್ಲಾಕೂ ಒಡೆದು ಇಂಜಿನ್ನೇ ಗುಜರಿಗೆ ಹೋಗುವುದುಂಟು. ಕರೆಂಟು ಇಲ್ಲದ ಹೊತ್ತಾದರೆ ಹಾಲನ್ನು ಪಕ್ಕದ ಬಿಎಂಸಿಗೆ ಸಾಗಿಸುವುದೇ ಲೇಸು. ಯಾವ ಸಂಘಕ್ಕೆ, ಯಾವ ವಾಹನದಲ್ಲಿ ಎಂಬುದನ್ನು ಮೊದಲೇ ಮಾತಾಡಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಗ್ರೈಂಡಿಂಗಿಗೆ ಕೊಟ್ಟಾಗ ಕೇಳಬೇಕಾದ ಪ್ರಶ್ನೆಗಳು

ಸವೆದ ಕ್ರ್ಯಾಂಕ್ ಎಂದರೆ ಎಸೆಯುವ ಕ್ರ್ಯಾಂಕ್ ಅಲ್ಲ. ಬೇರಿಂಗಿನಲ್ಲಿ ಕೂರುವ ದುಂಡನೆಯ ಭಾಗವನ್ನು ಯಂತ್ರದಲ್ಲಿ ಮತ್ತೆ ದುಂಡಗೆ ಉಜ್ಜಿ, ಅಷ್ಟೇ ದಪ್ಪದ ಬೇರಿಂಗು ಹಾಕಬಹುದು. 0.25, 0.50, 0.75 ಮಿಲಿಮೀಟರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಬೇರಿಂಗು ಸಿಗುತ್ತವೆ. ಅಂಗಡಿಯವರು ಇಂಚಿನ ಲೆಕ್ಕದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎನ್ನುತ್ತಾರೆ, ಎರಡೂ ಒಂದೇ. ಕಂಪನಿ ಹೇಳಿದ ಕೊನೆಯ ಮೆಟ್ಟಿಲು ದಾಟಿದ ಕ್ರ್ಯಾಂಕಿಗೆ ಹೊಸದೇ ಗತಿ.

ಮೊದಲ ಪ್ರಶ್ನೆ: ಅಳತೆ ಎಷ್ಟು ಬಂತು? ಮೈಕ್ರೋಮೀಟರಿನಿಂದ ಒಂದೇ ಕಡೆ ಅಳೆದರೆ ಸಾಲದು. ಅಡ್ಡ ಉದ್ದ ತಿರುವಿ, ಎರಡೂ ಅಂಚಿನಲ್ಲಿ ಅಳೆಯಬೇಕು. ಹೊಡೆತ ಬೀಳುವುದು ಒಂದೇ ಬದಿಗೆ, ಆದ್ದರಿಂದ ಸವೆತವೂ ಮೊಟ್ಟೆಯಾಕಾರದ್ದು. ಆ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಂಕಿ ಇಲ್ಲದ ಬಿಲ್ಲು ಫ್ಯಾಟು ಬರೆಯದ ಹಾಲಿನ ಚೀಟಿಯಂತೆ, ನಾವಂತೂ ಒಪ್ಪಬಾರದು.

ಬಿರುಕು ನೋಡಿದ್ದೀರಾ ಎಂದು ಕೇಳಿ. ಕ್ರ್ಯಾಂಕ್ ಮುರಿಯುವುದು ಹೆಚ್ಚಾಗಿ ದುಂಡು ಭಾಗವೂ ಅದರ ಪಕ್ಕದ ತೋಳೂ ಕೂಡುವ ಮೂಲೆಯಲ್ಲಿ. ಅಲ್ಲಿ ಸಣ್ಣ ಗುಂಡನೆಯ ತಿರುವು ಇರಲೇಬೇಕು. ಉಜ್ಜುವವರು ಅವಸರದಲ್ಲಿ ಅದನ್ನು ಚೂಪು ಮೂಲೆ ಮಾಡಿಬಿಟ್ಟರೆ ಅಲ್ಲಿಂದಲೇ ಕೂದಲೆಳೆಯ ಬಿರುಕು ಶುರುವಾಗುತ್ತದೆ. ಆಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವ ಪರೀಕ್ಷೆ ಇದೆ, ಬಾಗಲಕೋಟೆಯಂಥ ಊರಿನಲ್ಲಿ ಸಿಗದಿದ್ದರೆ ದೊಡ್ಡ ಊರಿಗೆ ಕಳಿಸಬೇಕಾದೀತು. ಬಿರುಕಿಗೆ ವೆಲ್ಡಿಂಗ್ ಹಾಕಿಕೊಡುತ್ತೇವೆ ಎಂದರೆ ಬೇಡವೇ ಬೇಡ ಎನ್ನಿ.

ಉಜ್ಜಿದ ಮೇಲೆ ಒಳಗಿನ ಆಯಿಲ್ ತೂತುಗಳನ್ನು ತೊಳೆದು ಗಾಳಿ ಊದಿದ್ದಾರೆಯೇ? ಉಜ್ಜಿದ ಪುಡಿ ತೂತಿನಲ್ಲಿ ಉಳಿದರೆ ಹೊಸ ಬೇರಿಂಗು ಮೊದಲ ದಿನವೇ ಹಾಳು. ಬೋಲ್ಟುಗಳನ್ನು ಅಳತೆಯ ಟಾರ್ಕ್ ಪಾನದಿಂದ ಬಿಗಿದರೇ, ಇಲ್ಲವೆ ಕೈಯ ಅಂದಾಜೇ? ಬೇರಿಂಗಿನ ಮುಚ್ಚಳಗಳು ತಮ್ಮ ತಮ್ಮ ಜಾಗಕ್ಕೇ ಹೋದವೇ? ಅವುಗಳ ಮೇಲೆ ಗುರುತು ಇರುತ್ತದೆ, ಅದಲು ಬದಲಾಗಬಾರದು.

ಕಡೆಗೆ, ಹಳೆಯ ಬೇರಿಂಗುಗಳನ್ನು ಬಿಡದೆ ಕೇಳಿ ತನ್ನಿ. ಅವು ನಡೆದ ಕಥೆಯನ್ನು ಹೇಳುತ್ತವೆ. ಸುತ್ತಲೂ ಗೀರು ಬಿದ್ದಿದ್ದರೆ ಧೂಳು. ಒಂದೇ ಅಂಚು ಮಿನುಗುತ್ತಿದ್ದರೆ ಸಾಲು ತಪ್ಪಿದೆ. ಲೋಹ ಕರಗಿ ಹರಡಿ, ಬೆನ್ನು ನೀಲಿಗಟ್ಟಿದ್ದರೆ ಆಯಿಲ್ ಇಲ್ಲದೆ ಓಡಿದೆ. ಕಾರಣ ಸರಿಪಡಿಸದೆ ಹೊಸ ಬೇರಿಂಗು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಸಂಘದ ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿ ದಿನಾಂಕ ಬರೆದು ಇಡಿ, ಮುಂದಿನ ಆಡಳಿತ ಮಂಡಳಿಗೆ ಉಪಯೋಗಕ್ಕೆ ಬರುತ್ತದೆ.

ನೆರೆ ಬಂದು ಹೋದ ಮೇಲೆ

2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನಮ್ಮ ನದಿ ದಂಡೆಯ ಊರುಗಳು ನೆರೆ ಕಂಡಿವೆ. ನೀರಿನಲ್ಲಿ ಮುಳುಗಿದ್ದ ಇಂಜಿನ್ನನ್ನು ನೀರು ಇಳಿದ ಕೂಡಲೇ ಹ್ಯಾಂಡಲ್ ಹಾಕಿ ಅಥವಾ ಸೆಲ್ಫ್ ಒತ್ತಿ ಹೊತ್ತಿಸಬೇಡಿ. ಸಿಲಿಂಡರಿನೊಳಗೆ ನಿಂತ ನೀರನ್ನು ಗಾಳಿಯಂತೆ ಹಿಂಡಲು ಬರುವುದಿಲ್ಲ. ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡು ಬಾಗುತ್ತದೆ, ಕ್ರ್ಯಾಂಕಿಗೂ ಪೆಟ್ಟು ತಗಲುತ್ತದೆ. ಮೊದಲು ಆಯಿಲ್ ಪೂರ್ತಿ ಇಳಿಸಿ, ಇಂಜೆಕ್ಟರ್ ಬಿಚ್ಚಿಸಿ, ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುವಿ ನೀರು ಹೊರಹಾಕಿಸಿ. ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಆಯಿಲ್ ಬದಲಿಸಿ. ಎಷ್ಟು ಬೇಗ ಈ ಕೆಲಸ ಆಗುತ್ತದೋ ತುಕ್ಕು ಅಷ್ಟು ಕಡಿಮೆ. ಒಂದು ವಾರ ಬಿಟ್ಟರೆ ಕ್ರ್ಯಾಂಕಿನ ಮೈಯಲ್ಲಿ ತುಕ್ಕಿನ ಕುಳಿ ಬಿದ್ದು ಉಜ್ಜಿಸಲೇಬೇಕಾಗುತ್ತದೆ.

ಸೆರಗು ಸಿಕ್ಕಿಸಿಕೊಳ್ಳಿ

ನಿಮಿಷಕ್ಕೆ 1,500 ಸುತ್ತು ಎಂದರೆ ಕಣ್ಣು ಮಿಟುಕಿಸುವುದರೊಳಗೆ ಹಲವು ಸುತ್ತು. ಇಳಕಲ್ ಸೀರೆಯ ಸೆರಗನ್ನು ಕೊಂಡಿ ಹಾಕಿ ಮೈಗೆ ಕೂಡಿಸಿರುತ್ತಾರೆ, ಅದು ಹರಿದು ಬಿಟ್ಟುಕೊಡುವ ಬಟ್ಟೆಯಲ್ಲ. ಬೆಲ್ಟಿಗೆ ಸಿಕ್ಕರೆ ಸೀರೆಯ ಜೊತೆ ಮನುಷ್ಯರೂ ಹೋಗುತ್ತಾರೆ. ಇಂಜಿನ್ನಿನ ಹತ್ತಿರ ಹೋಗುವಾಗ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆ ಮೇಲಕ್ಕೆ ಕಟ್ಟಿ, ಸಡಿಲ ಬಳೆ ತೆಗೆದಿಡಿ. ಬೆಲ್ಟಿಗೆ, ಫ್ಲೈವೀಲಿಗೆ ತಂತಿಬಲೆಯ ಮುಚ್ಚಳ ಇರಲಿ. ಮಕ್ಕಳು ಆಡುವ ಜಾಗದಲ್ಲಿ ಮೇವಿನ ಯಂತ್ರ ಬೇಡ.

ಹ್ಯಾಂಡಲಿನಿಂದ ಹೊತ್ತಿಸುವ ಇಂಜಿನ್ನಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟು ಹಿಡಿಯಿರಿ, ಸುತ್ತಿ ಹಿಡಿಯಬೇಡಿ. ಇಂಜಿನ್ನು ಹಿಂದಕ್ಕೆ ಒದ್ದರೆ ಕೈ ತಾನಾಗಿ ಬಿಟ್ಟುಹೋಗುತ್ತದೆ. ಜನರೇಟರ್ ಕೋಣೆಯ ಹೊಗೆ ಕೊಳವೆ ಹೊರಗೆ ಹೋಗಿರಬೇಕು, ಮುಚ್ಚಿದ ಕೋಣೆಯ ಹೊಗೆ ಉಸಿರು ಕಟ್ಟಿಸಿ ಕೊಲ್ಲುತ್ತದೆ.

ಕರೆಂಟು ಚೆನ್ನಾಗಿರುವ ತಿಂಗಳುಗಳಲ್ಲಿ ಜನರೇಟರ್ ಸುಮ್ಮನೆ ನಿಂತಿರುತ್ತದೆ. ಆಯಿಲ್ ಎಲ್ಲ ತಳಕ್ಕಿಳಿದು ಕ್ರ್ಯಾಂಕ್ ಒಣಗುತ್ತದೆ. ವಾರಕ್ಕೊಮ್ಮೆ, ಬೆಳಗಿನ ಹಾಲು ಟ್ಯಾಂಕರಿಗೆ ಹೋದ ಮೇಲೆ ಟ್ಯಾಂಕು ತೊಳೆಯುವ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಓಡಿಸಿ. ಪೂರ್ತಿ ಖಾಲಿ ಓಡಿಸದೆ ತೊಳೆಯುವ ನೀರಿನ ಪಂಪೋ ಬೇರೇನೋ ಭಾರ ಕೊಡಿ. ಜನರೇಟರಿಗೆ ಒಂದು ನೋಟ್‌ಪುಸ್ತಕ ಇಡಿ: ದಿನಾಂಕ, ಎಷ್ಟು ಗಂಟೆ ಓಡಿತು, ಆಯಿಲ್ ಮಟ್ಟ, ಒತ್ತಡದ ಮುಳ್ಳು ಎಲ್ಲಿ ನಿಂತಿತ್ತು, ಯಾರು ನೋಡಿದರು. ತಿಂಗಳ ಸಭೆಯಲ್ಲಿ ಹಾಲಿನ ಲೆಕ್ಕ ಓದುವಾಗ ಇದನ್ನೂ ಒಮ್ಮೆ ಓದಿಸಿ. ಗಂಟೆಗಳ ಮೊತ್ತ 250ರ ಹತ್ತಿರ ಬಂದಿದ್ದರೆ ಆಯಿಲ್ ಮತ್ತು ಫಿಲ್ಟರ್ ತರಿಸಲು ಅದೇ ಸಭೆಯಲ್ಲಿ ಠರಾವು ಮಾಡಿಕೊಳ್ಳಿ.